ಪುಕ್ಕಟೆ ಸೀಟಿನ ಕರಾರು

ನಂದಗಡದಲ್ಲಿರುವ ನನ್ನ ಅಕ್ಕ ತನ್ನ ಮಗಳ ಅಂಕಪಟ್ಟಿಗಳನ್ನು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ಜೋಳದ ಡಬ್ಬಿಯ ಹಿಂದೆ ಜೋಪಾನ ಮಾಡುತ್ತಾಳೆ. ಕಳೆದ ಜೂನ್‌ನಲ್ಲಿ ಆ ಗಂಟು ಹಿಡಿದುಕೊಂಡು ಮಗಳು ನೀಲಾ ನಗರದ ಟಿಳಕವಾಡಿ ಬಡಾವಣೆಯ ನನ್ನ ಮನೆಗೆ ಬಂದಳು. ಇಲ್ಲಿನ ಖಾಸಗಿ ಕಾಲೇಜೊಂದು ಅವಳಿಗೆ ಬಿ.ಎಸ್ಸಿ. ಸೀಟು, ಹಾಸ್ಟೆಲ್ಲು, ಊಟ ಎಲ್ಲವನ್ನೂ ಪುಕ್ಕಟೆ ಕೊಡುವುದಾಗಿ ಪತ್ರ ಬರೆದಿತ್ತು.

ಪುಕ್ಕಟೆ ಎಂಬ ಪದ ಕಿವಿಗೆ ಬಿದ್ದರೆ ನನಗೆ ಮೊದಲು ಹುಟ್ಟುವುದು ಗುಮಾನಿ. ಮೂವತ್ತು ವರ್ಷ ಇತಿಹಾಸ ಕಲಿಸಿದವನು ನಾನು. ಕೆಲವು ದೇಶಗಳಲ್ಲಿ ಪ್ರಜೆಗಳೆಲ್ಲ ತೆರಿಗೆ ಕಟ್ಟಿ ಯಾರದೋ ಮಕ್ಕಳನ್ನು ಓದಿಸುತ್ತಾರೆ. ಕೆಲವೆಡೆ ಓದಿದವರೇ ಮುಂದೆ ದುಡಿದು ಸಾಲ ತೀರಿಸುತ್ತಾರೆ. ನಮ್ಮ ಸೀಮೆಯಲ್ಲಿ ಮಠಗಳು ಭಿಕ್ಷೆಯ ಜೋಳದಿಂದಲೇ ವಿದ್ಯಾರ್ಥಿಗಳ ಪ್ರಸಾದ ನಿಲಯಗಳನ್ನು ನಡೆಸಿದ ಕಾಲವೂ ಇತ್ತು. ದಾರಿ ಯಾವುದಾದರೇನು, ವಿದ್ಯೆಗೆ ಯಾರೋ ಒಬ್ಬರು ತೆರಲೇಬೇಕು. ಇಲ್ಲಿ ತೆರುವವರು ಯಾರು?

ಆದರೆ ನಿಜ ಹೇಳುತ್ತೇನೆ, ಗೆಳೆಯರೆ. ಆ ಕಾಲೇಜಿನ ತಂಪು ಕೋಣೆಯಲ್ಲಿ ಆಡಳಿತಾಧಿಕಾರಿ, "ಬರ್ರಿ ಸರ್, ಕುಂದರ್ರಿ. ನಿಮ್ಮಂಥ ಹಿರಿಯರು ಬಂದದ್ದು ನಮ್ಮ ಪುಣ್ಯ" ಎಂದು ಚಹಾ ತರಿಸಿದಾಗ, ಅದರ ಸಕ್ಕರೆಯೊಂದಿಗೆ ನನ್ನ ಸಂಶಯವೂ ಕರಗಿತು. ಪೋಷಕರ ಜಾಗದಲ್ಲಿ ಸಹಿ ಹಾಕಲು ಪೆನ್ನು ತೆರೆದೆ. ನೀಲಾ ಕೈ ತಡೆದಳು.

"ಮಾಮಾ, ಒಂದ್ ನಿಮಿಷ. ಸರ್, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಲ್ಲೇ ಇಡಬೇಕಂತ ಬರದೈತಿ. ಯಾವಾಗ ವಾಪಸ್ ಕೊಡ್ತೀರಿ?"

"ಓದು ಮುಗದ ಮ್ಯಾಲವ್ವಾ."

"ನಡುವ ಬಿಡೂ ಪ್ರಸಂಗ ಬಂದ್ರ?"

ಆತ ನನ್ನತ್ತ ತಿರುಗಿ ನಕ್ಕ. "ಆವಾಗ ಎಲ್ಲಾ ವರ್ಷದ ಫೀ ತುಂಬಿ ಒಯ್ಯಬೇಕಾಗ್ತೈತ್ರಿ ಸರ್. ಎಲ್ಲಾರಿಗೂ ಹಂಗ ಐತಿ."

"ಹಂಗಾದ್ರ ಇದು ಪುಕ್ಕಟೆ ಅಲ್ರಿ, ನನ್ನ ಓದು ಒತ್ತಿ ಇಟ್ಟಂಗ ಆತು" ಎಂದು ನೀಲಾ ಗಂಟು ಕಟ್ಟಿಕೊಂಡು ಎದ್ದಳು.

ಹೊರಗೆ ಬಂದಾಗ ನನಗೆ ನಾಚಿಕೆಯಾಯಿತು. ನನ್ನ ಸಂಬಳವೂ ಅಷ್ಟು ವರ್ಷ ಸರ್ಕಾರದ ಅನುದಾನದಿಂದಲೇ ಬಂದಿತ್ತು. ಅದನ್ನು ತೆತ್ತವರು ಯಾರೆಂದು ಒಮ್ಮೆಯೂ ಕೇಳಿರಲಿಲ್ಲ. ನಂದಗಡದ ಅಂಗಡಿಯಲ್ಲಿ ಸೋಪು ಕೊಳ್ಳುವಾಗೆಲ್ಲ ಅಕ್ಕನೂ ಅದರ ತೆರಿಗೆ ತೆತ್ತಿದ್ದಳಲ್ಲವೆ?

ನೀಲಾ ನಗರದ ಸರ್ಕಾರಿ ಕಾಲೇಜು ಸೇರಿ, ನಂದಗಡದಿಂದ ದಿನವೂ ಬಸ್ಸಿನಲ್ಲಿ ಓಡಾಡತೊಡಗಿದಳು. ಅಲ್ಲಿ ಎರಡು ತಿಂಗಳಾದರೂ ಭೌತಶಾಸ್ತ್ರಕ್ಕೆ ಉಪನ್ಯಾಸಕರಿಲ್ಲ. ಅಗ್ಗದ ಓದಿನ ಹಣೆಬರಹವೇ ಇದು ಎಂದು ನಾನು ಹೇಳುವ ಮೊದಲೇ, ತರಗತಿಯವರೆಲ್ಲ ಸಹಿ ಹಾಕಿದ ಅರ್ಜಿಯೊಂದನ್ನು ನನ್ನ ಮುಂದಿಟ್ಟಳು.

"ತಪ್ಪಿದ್ರ ತಿದ್ದಿ ಕೊಡ್ರಿ ಮಾಮಾ. ಇದು ಯಾರ ದಾನಾನೂ ಅಲ್ಲ, ನಮ್ಮವ್ವನ ರೊಕ್ಕಾನೂ ಇದರಾಗ ಐತಿ. ಕೇಳಾಕ ಏನ್ ಹೆದರಿಕಿ?"

ಕಾಗುಣಿತದ ತಪ್ಪು ಒಂದೇ ಇತ್ತು, ತಿದ್ದಿದೆ. ಕೊನೆಯ ಸಾಲಿನ 'ತಾವು ಕೃಪೆ ತೋರಿ' ಎಂಬುದನ್ನು ಪೂರ್ತಿ ಹೊಡೆದುಹಾಕಿದೆ. ಮೂರು ವಾರಕ್ಕೆ ಅತಿಥಿ ಉಪನ್ಯಾಸಕಿಯೊಬ್ಬರು ಬಂದರು. ಅವರನ್ನು ವರ್ಷಪೂರ್ತಿ ಉಳಿಸಿಕೊಳ್ಳುತ್ತಾರೆಯೇ ಎಂದು ನನಗಿನ್ನೂ ಅನುಮಾನ. ನೀಲಾ ಮಾತ್ರ ಎರಡನೆಯ ಅರ್ಜಿಗೆ ಹಾಳೆ ತೆಗೆದಿಟ್ಟುಕೊಂಡಿದ್ದಾಳೆ.