ಚೀಲಕ್ಕೆ ಬೆರಳಷ್ಟು ಈಚೆ

ಶಹಾಪುರದ ಮಾರುಕಟ್ಟೆಯಲ್ಲಿ ರೈತರ ಕಾಳು ಮಾರಿಸಿಕೊಡುವ ನನ್ನ ಅಡತಿ ಅಂಗಡಿಯ ಚೀಲಗಳ ಬಾಯಿ ಹೊಲಿಯುವವಳು ಗೊಲ್ಲಾಳಮ್ಮ. ಹತ್ತೊಂಬತ್ತು ವರ್ಷದಿಂದ ಅದೇ ಕಂಬದ ಬುಡ, ಅದೇ ದಬ್ಬಣ. ಮಾತು ಕಡಿಮೆ, ಆಡಿದ್ದು ಮಾತ್ರ ದಬ್ಬಣದಂಥದ್ದೇ.

ಈ ಸಲ ತೊಗರಿ ಬಂದ ಮೇಲೆ ಅವಳು ಹೊಲಿದ ಚೀಲಗಳು ಬಾಯಿ ಬಿಡತೊಡಗಿದವು. ಲಾರಿಗೆ ಏರಿಸುವ ಮೊದಲೇ ಕಾಳು ಸುರಿಯುವುದು. ನಮ್ಮಲ್ಲೊಂದು ಪದ್ಧತಿ ಇದೆ: ಕಟ್ಟೆಯ ಮೇಲೆ ಚೆಲ್ಲಿದ ಕಾಳು ಕಸ ಹೊಡೆಯುವವಳದು. ನನ್ನ ಕಟ್ಟೆಯ ಕಸ ಹೊಡೆಯುವವಳು ಗೊಲ್ಲಾಳಮ್ಮನ ಸೊಸೆ ಭುವನೇಶ್ವರಿ. ಅತ್ತೆ ಸಡಿಲ ಹೊಲಿಯುವುದು, ಸೊಸೆ ಬಳಿದು ಒಯ್ಯುವುದು. ಅತ್ತೆ ಸೊಸೆ ಇಷ್ಟು ಹೊಂದಿಕೊಂಡಿದ್ದಾರೆಂದರೆ ಅನುಮಾನ ಬರದೆ ಇನ್ನೇನು?

ನಾಲ್ಕು ದಿನ ಕಣ್ಣಿಟ್ಟೆ. ಕಂಡದ್ದು ಇಷ್ಟೇ: ಗೊಲ್ಲಾಳಮ್ಮ ಚಹಾ ಬಗ್ಗಿಸುವಾಗ ಕಪ್ಪಿನ ಹೊರಗೆ ಸುರಿದಳು. ಅದನ್ನೂ ನಾಟಕ ಅಂದುಕೊಂಡೆ. ಹೊಲಿಯಲು ದೋರನಹಳ್ಳಿಯಿಂದ ಬೇರೊಬ್ಬಳನ್ನು ಬರಹೇಳಿ, ಇವಳನ್ನು ಬಿಡಿಸುವ ಮೊದಲು ಕಳವು ಹಿಡಿದೇ ಬಿಡೋಣವೆಂದು ಒಂದು ಚೀಲದ ಬಾಯಿ ನಾನೇ ಎತ್ತಿ ಹಿಡಿದೆ.

“ಹೊಲಿ, ನೋಡೂಣು.”

ದಬ್ಬಣ ಚೀಲಕ್ಕಿಂತ ಒಂದು ಬೆರಳು ಈಚೆಗೆ, ಗಾಳಿಯನ್ನು ಚುಚ್ಚಿತು. ಆಮೇಲೆ ಎಡಗೈಯಿಂದ ತಡವಿ ಚುಚ್ಚಿದಳು. ಎರಡು ಅಂಚಿನಲ್ಲಿ ಒಂದಕ್ಕೇ ಸಿಕ್ಕಿತು.

“ಕಣ್ಣು ಕಾಣ್ತಾವೇನು ನಿನಗ?”

“ಯಾಕ ಕಾಣಂಗಿಲ್ರಿ? ಅಲ್ಲಿ ನಿಂತ ಬಸ್ಸಿನ ಬೋರ್ಡ್ ಓದ್ಲೇನು? ಹುಣಸಗಿ.”

ಓದಿದ್ದು ಸರಿಯಾಗಿಯೇ ಇತ್ತು. “ಅಂದ ಮ್ಯಾಲ ಬೇಕಂತಾನ ಸಡಿಲ ಹೊಲಿಯಾಕತ್ತಿ,” ಅಂದೆ.

ಅವಳು ದಬ್ಬಣ ಕೆಳಗಿಟ್ಟಳು. “ಬಿಡಿಸೂದಿದ್ರ ಬಿಡಿಸ್ರಿ ಸಾವ್ಕಾರ್ರ. ಕಳ್ಳಿ ಅಂತ ಹೇಳಿ ಬಿಡಿಸಬ್ಯಾಡ್ರಿ. ಆ ಹೆಸರು ಬಂದ್ರ ನನ್ನ ಸೊಸಿ ಕೈಯಾಗಿನ ಕಸಬರಗಿನೂ ಹೋಗ್ತದ.”

ಯಾದಗಿರಿಗೆ ನಾನೇ ಕರೆದೊಯ್ದೆ. ಕನಿಕರದಿಂದಲ್ಲ, ಕಣ್ಣು ನೆಟ್ಟಗಿವೆ ಎಂದು ಡಾಕ್ಟರೇ ಹೇಳಿದರೆ ಕಳವು ಸಾಬೀತಾಗಲಿ ಎಂದು. ಕಣ್ಣಿನ ಡಾಕ್ಟರಮ್ಮ ಒಂದೊಂದೇ ಕಣ್ಣು ಮುಚ್ಚಿಸಿ ನೋಡಿದರು. ಎಡಗಣ್ಣು ಗಟ್ಟಿ, ಬಲಗಣ್ಣಿಗೆ ಪೊರೆ. ನಿಧಾನವಾಗಿ ಬಂದದ್ದರಿಂದ ಅವಳಿಗೇ ಗೊತ್ತಾಗಿಲ್ಲ.

“ಬೋರ್ಡ್ ಓದಾಕ ಒಂದು ಕಣ್ಣು ಸಾಕ್ರಿ,” ಅಂದರು. “ಆದ್ರ ಎರಡು ಕಣ್ಣು ಒಂದೇ ವಸ್ತುವನ್ನ ಸ್ವಲ್ಪ ಬ್ಯಾರೆ ಬ್ಯಾರೆ ಕಡಿಯಿಂದ ನೋಡ್ತಾವ. ಮೆದುಳು ಎರಡೂ ಚಿತ್ರ ಕೂಡಿಸಿ ಒಂದು ಮಾಡ್ತದ. ಅವುಗಳ ಫರಕಿನ ಮ್ಯಾಲಿಂದ ವಸ್ತು ಎಷ್ಟು ದೂರ ಅದ ಅಂತ ಹಿಡಿತದ. ಒಂದು ಕಣ್ಣು ಮಬ್ಬಾದ್ರ ಕೈ ಹತ್ತರದ ಅಂದಾಜು ತಪ್ತದ.”

ಇಬ್ಬರು ದಲಾಲರು ಬೇರೆ ಬೇರೆ ಸುದ್ದಿ ತಂದರೆ ನಾನು ಒಬ್ಬನನ್ನು ಸುಳ್ಳ ಅನ್ನುತ್ತೇನೆ. ತಲೆಯೊಳಗಿನ ವ್ಯಾಪಾರಿ ಇಬ್ಬರನ್ನೂ ನಂಬಿ, ಅವರ ಮಾತಿನ ಫರಕಿನಲ್ಲೇ ಲಾಭ ತೆಗೆಯುತ್ತಾನಂತೆ. ನನಗೆ ನಂಬಿಕೆ ಬರಲಿಲ್ಲ. ಡಾಕ್ಟರಮ್ಮನ ತವರು ಯಾವುದೆಂದು ಹೊರಗೆ ವಿಚಾರಿಸಿದೆ. ಗೊಲ್ಲಾಳಮ್ಮನ ಊರಲ್ಲ.

ಮರುದಿನ ಬಲಗಣ್ಣಿಗೆ ಕರವಸ್ತ್ರ ಬಿಗಿದು ನಾನೇ ದಬ್ಬಣ ಹಿಡಿದೆ. ಹಮಾಲ ಇನಾಯತ ಚೀಲದ ಬಾಯಿ ಹಿಡಿದ. ಮೊದಲನೆಯದು ಗಾಳಿಗೆ. ಎರಡನೆಯದೂ ಗಾಳಿಗೆ. ಮೂರನೆಯದಕ್ಕೆ ಇನಾಯತ ಕೈ ಹಿಂದೆಳೆದುಕೊಂಡ.

“ನನ್ನ ಬೆರಳು ಹೊಲಿಬ್ಯಾಡ್ರಿ ಸಾವ್ಕಾರ್ರ, ಮನ್ಯಾಗ ಕೇಳ್ತಾರ.”

ಹೇಗೋ ಮುಗಿಸಿದ ಆ ಚೀಲ ಎತ್ತುತ್ತಲೇ ಕಾಳು ಸುರಿಯಿತು. ಗೊಲ್ಲಾಳಮ್ಮ ಕಂಬಕ್ಕೆ ಒರಗಿ ಕೂತೇ ಕೇಳಿದಳು:

“ನೀವು ಯಾರ ಸೊಸಿ ಸಲುವಾಗಿ ಚೆಲ್ಲಾಕತ್ತೀರಿ?”

ಹಮಾಲರು ಮುಖ ತಿರುಗಿಸಿ ನಕ್ಕರು. ನಾನು ಕರವಸ್ತ್ರ ಬಿಚ್ಚಿ, ದೋರನಹಳ್ಳಿಯವಳಿಗೆ ಬರಬೇಡವೆಂದು ಫೋನ್ ಮಾಡಿದೆ. ಗೊಲ್ಲಾಳಮ್ಮನ ಕಣ್ಣು ಸರಿಯಾಗುವ ತನಕ ದಬ್ಬಣ ಇನಾಯತನ ಪಾಲಿಗೆ.

ಪೊರೆ ತೆಗೆಸಿಕೊಂಡು ಒಂದು ತಿಂಗಳ ಮೇಲೆ ಬಂದಳು. ಹೊಲಿದ ಮೊದಲ ಚೀಲವನ್ನು ನನ್ನ ಮುಂದೆ ಉರುಳಿಸಿ, “ಜಗ್ಗಿ ನೋಡ್ರಿ,” ಅಂದಳು.

ಬೇಡ ಅನ್ನಬಹುದಿತ್ತು. ಜಗ್ಗಿದೆ. ಒಂದು ಕಾಳೂ ಬೀಳಲಿಲ್ಲ.

ನಾನು ಕೇಳುವ ಮೊದಲೇ ಎರಡನೆಯ ಚೀಲವನ್ನೂ ಮುಂದೆ ತಳ್ಳಿದಳು. ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ಅಷ್ಟು ಅರಿತಿದ್ದಾಳೆ.