ಹೊರೆ ಯಾರ ತಲೆಗೆ

ಮೂಡಿಗೆರೆಯ ವಕೀಲ ಓಂಕಾರಪ್ಪನವರ ಮನೆಯಲ್ಲಿ, ಕಂಡವರಿಲ್ಲದೆ ಬೆಕ್ಕಿನ ಮೇಲೂ ಹಾಲು ಕುಡಿದ ಆರೋಪ ಹೊರಿಸುವಂತಿರಲಿಲ್ಲ. "ಹೇಳಿದವನೇ ರುಜುವಾತು ಮಾಡ್ಬೇಕು ಮಾರಾಯ, ಹೊರೆ ಅವನ ತಲೆ ಮೇಲೆ" ಎಂದು ಕೋರ್ಟಿನ ಕ್ಯಾಂಟೀನಿನಲ್ಲೂ ವಾದಿಸುತ್ತಿದ್ದರು. ಎಸ್ಟೇಟಿನ ಸೌದೆ ಕದ್ದಳೆಂದು ಅಲ್ಲಿನ ಲೆಕ್ಕ ಬರೆಯುವ ರೈಟರೊಬ್ಬ ಹೆಂಗಸೊಬ್ಬಳನ್ನು ಹಿಡಿದು ತಂದಾಗ, ಆಕೆಯ ಸೌದೆಹೊರೆ ಇಳಿಸಿ ಅವನ ತಲೆಗೇ ಇಟ್ಟು ಮಾತು ಶುರುಮಾಡಿದ್ದರು. ಗುಮಾಸ್ತ ಮೊಹಿದ್ದೀನನಿಗೆ ಇದೆಲ್ಲ ತಮಾಷೆಯಾಗಿತ್ತು, ಅವರ ಮಗ ಜೀಪಿನಡಿ ಸಿಕ್ಕಿ ಸಾಯುವವರೆಗೆ. ಡ್ರೈವರ್ ಯಾರೆಂದು ಊರೆಲ್ಲ ಹೇಳುತ್ತಿತ್ತು. ಆ ಹೊತ್ತು ಮಗನ ಜೊತೆಯಲ್ಲೇ ನಡೆಯುತ್ತಿದ್ದ ಅಪ್ಪ "ಇವನೇ" ಎಂದರೆ ಸಾಕಿತ್ತು. ಕಟಕಟೆ ಹತ್ತಿದ ಓಂಕಾರಪ್ಪನವರು ಆರೋಪಿಯನ್ನು ಬಹಳ ಹೊತ್ತು ನೋಡಿ, "ಮಂಜಿತ್ತು ಸ್ವಾಮಿ, ಮುಖ ಕಾಣ್ಲಿಲ್ಲ" ಎಂದರು. ಕೋರ್ಟಿನ ಮೆಟ್ಟಿಲಿಳಿಯುವಾಗ ಮೊಹಿದ್ದೀನನ ಹೆಗಲು ಹಿಡಿದರು. ಆ ತೆಳ್ಳಗಿನ ಕೈ ಅಷ್ಟು ಭಾರವಿದ್ದೀತೆಂದು ಅವನು ಎಣಿಸಿರಲಿಲ್ಲ.