ಎಲೆಅಡಿಕೆ ಚೀಲದ ಧೂಳು

೧೯೪೮. ನಾನು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಖನಿಜ ವಿಶ್ಲೇಷಕನಾಗಿದ್ದೆ. ಹೊಳೆನರಸೀಪುರದ ಹತ್ತಿರದ ಒಂದು ಕೊಟ್ಟಿಗೆಯಲ್ಲಿ ಕಲ್ಲು ಕುಟ್ಟಿ ಪುಡಿ ಮಾಡುತ್ತಿದ್ದ ಹೆಂಗಸರಿಗೆ ಬಿಡದ ಕೆಮ್ಮು ಹತ್ತಿತ್ತು. ಆ ಕಲ್ಲು ಕಲ್ನಾರು, ಅಂದರೆ ಶ್ವಾಸಕೋಶ ಕೆಡಿಸುವ ಆಸ್‌ಬೆಸ್ಟಾಸ್ ಎಂದಾದರೆ ಕೊಟ್ಟಿಗೆ ಮುಚ್ಚಬೇಕು. ಮಾಲೀಕ ಮಾತ್ರ ಬರೀ ಬಳಪದ ಕಲ್ಲು ಎನ್ನುತ್ತಿದ್ದ. ತೀರ್ಮಾನಕ್ಕಾಗಿ ಮಾದರಿ ನನ್ನ ಮೇಜಿಗೆ ಬಂತು.

ನುಣ್ಣಗೆ ಕುಟ್ಟಿದ ಮೇಲೆ ಕಣ್ಣಿಗೆ ಎರಡೂ ಒಂದೇ. ರಾಸಾಯನಿಕವಾಗಿಯೂ ಎರಡರಲ್ಲೂ ಮೆಗ್ನೀಷಿಯಂ, ಸಿಲಿಕಾ. ಆದರೆ ಪುಡಿಯನ್ನು ಪ್ಯಾರಫಿನ್ ಎಣ್ಣೆಯಲ್ಲಿ ಅರೆದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹಾಯಿಸಿದರೆ ಪ್ರತಿ ಖನಿಜವೂ ತನ್ನದೇ ತರಂಗಾಂತರಗಳಲ್ಲಿ ಅದನ್ನು ಹೀರಿಕೊಳ್ಳುತ್ತದೆ. ಆ ಏರಿಳಿತದ ಗೆರೆಯೇ ಸ್ಪೆಕ್ಟ್ರಮ್. ಬಂದದ್ದು ಬಳಪದ ಗೆರೆ. ‘ಕೊಟ್ಟಿಗೆಯ ಧೂಳಿನಲ್ಲಿ ಕಲ್ನಾರಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಹಾಸನದಲ್ಲಿ ಕೊಟ್ಟಿಗೆಯ ಬಗ್ಗೆ ನಡೆದ ಸರ್ಕಾರಿ ವಿಚಾರಣೆ ಮುಗಿಸಿ ಹೊರಬಂದಾಗ ಕಚೇರಿಯ ಜಗಲಿಯಲ್ಲಿ ನಿಂಗಮ್ಮ ಎಂಬ ಆ ಕೊಟ್ಟಿಗೆಯ ಕೂಲಿಯಾಕೆ ಅಡ್ಡಗಟ್ಟಿದಳು.

“ಆ ಪುಡಿ ನಾವು ಕುಟ್ಟಿದ್ದಲ್ಲ ಕಣ್ ಸಾ. ಮೇಸ್ತ್ರಿ ಬ್ಯಾರೆ ಕಡೆಯಿಂದ ತಂದು ತುಂಬ್ದ. ನಮ್ ನಾದ್ನಿ ಉಸ್ರು ಎಳ್ಕೊಳಾಕಾಗ್ದೆ ಬಿದ್ದವ್ಳೆ. ಕಣ್ಣಾಗ್ ನೋಡ್ದೆ ಎಂಗ್ ಬರ್ದ್ರಿ?”

ನನಗೆ ಮೈಯೆಲ್ಲ ಉರಿಯಿತು. ಮೇಸ್ತ್ರಿಯ ಮೇಲಲ್ಲ, ಅವಳ ಮೇಲೆ! ನನ್ನ ಯಂತ್ರವನ್ನು ಪ್ರಶ್ನಿಸಲು ಇವಳ್ಯಾರು ಎಂದುಕೊಂಡೆ. ಅವಳು ಸೊಂಟದಿಂದ ಎಲೆಅಡಿಕೆ ಚೀಲ ಬಿಚ್ಚಿ ಕೈಗಿಟ್ಟಳು. “ಕುಟ್ಟುವಾಗ್ಲೂ ಸೊಂಟ್ದಾಗೇ ಇರ್ತದೆ. ಇದ್ರ ಧೂಳು ನೋಡಿ.”

ನಮ್ಮ ಕೆಲಸಕ್ಕೆ ಒಂದು ಚಿಟಿಕೆ ಸಾಕು. ಬೆಂಗಳೂರಿಗೆ ಮರಳಿ ಚೀಲದ ಹೊಲಿಗೆಯಿಂದ ಕೆರೆದು ತೆಗೆದೆ. ಮೊದಲ ಗೆರೆಯಲ್ಲಿ ಎದ್ದು ಕಂಡದ್ದು ವೀಳ್ಯದ ಸುಣ್ಣ. ಎಸೆದುಬಿಡೋಣ ಎನ್ನಿಸಿತ್ತು. ತೆಳು ಆಮ್ಲದಲ್ಲಿ ಸುಣ್ಣ ಕರಗಿಸಿ, ತೊಳೆದು, ಒಣಗಿಸಿ ಮತ್ತೆ ನೋಡಿದೆ. ಕಲ್ನಾರು, ಅನುಮಾನವೇ ಇಲ್ಲ. ಆಗ ಸಿಟ್ಟು ತಿರುಗಬೇಕಾದ ಕಡೆಗೆ ತಿರುಗಿತು.

ಎರಡನೇ ವಿಚಾರಣೆಯಲ್ಲಿ ಮಾಲೀಕ ನಕ್ಕ. “ಎಲೆಅಡಿಕೆ ಚೀಲಾನೂ ಒಂದು ಸಾಕ್ಷಿಯೇನ್ರೀ?”

“ಹಾಗಾದ್ರೆ ಈಗಲೇ ಎಲ್ಲರೂ ಕೊಟ್ಟಿಗೆಗೆ ಹೋಗೋಣ. ಕಸಪೊರಕೆ ಹಿಡಿದು ಧೂಳು ನಾನೇ ಗುಡಿಸ್ತೀನಿ” ಎಂದು ಗದರಿದೆ. ಅವನ ನಗು ಅಲ್ಲೇ ನಿಂತಿತು. ಅದೇ ಮಧ್ಯಾಹ್ನ ಅಧಿಕಾರಿಗಳ ಜೊತೆ ಹೋಗಿ ಗುಡಿಸಿದೆವು. ಆ ಧೂಳಿನಲ್ಲೂ ಬಂದದ್ದು ಕಲ್ನಾರಿನ ಗೆರೆಯೇ. ಮೂರು ದಿನದಲ್ಲಿ ಕೊಟ್ಟಿಗೆಗೆ ಬೀಗ ಬಿತ್ತು.

ಚೀಲ ಹಿಂದಿರುಗಿಸಲು ಹೋದೆ. ನಿಂಗಮ್ಮನ ನಾದಿನಿ ತೀರಿಕೊಂಡು ಎಂಟು ದಿನವಾಗಿತ್ತು. ನಿಂಗಮ್ಮ ಚೀಲ ತೆಗೆದುಕೊಂಡು ಒಳಗೆ ಹೋದಳು.

ನನ್ನ ಎರಡು ವರದಿಗಳ ನಡುವೆ ಒಂದೂವರೆ ತಿಂಗಳು. ಅಷ್ಟೂ ದಿನ ಆ ಹೆಂಗಸರು ಕಲ್ನಾರು ಕುಟ್ಟಿದ್ದು ನನ್ನ ಸಹಿಯ ಬಲದಿಂದ. ಯಂತ್ರ ಸುಳ್ಳು ಹೇಳಿರಲಿಲ್ಲ. ನೋಡದ ಕೊಟ್ಟಿಗೆಯ ಬಗ್ಗೆ ಬರೆದವನು ನಾನು. ಅಂದಿನಿಂದ ನಿವೃತ್ತಿಯವರೆಗೂ, ಮಾದರಿ ತುಂಬಿದ ಕೈ ಯಾರದೆಂದು ಕೇಳದೆ ನಾನು ಪೆನ್ನು ತೆರೆಯಲಿಲ್ಲ.